ಸೈಲೆಂಟ್ ಮಾಡದ ಫೋನು

ನಮ್ಮ ಮನೆಯವರ ಎಡಗೈಯಲ್ಲಿ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಬೆರಳಿಟ್ಟರೆ ಗುರ್ರ್ ಅನ್ನುತ್ತದೆ. ಮಲಗಿದ ಬೆಕ್ಕಿನ ಮೈಮೇಲೆ ಕೈ ಇಟ್ಟ ಹಾಗೆ. ಅದಕ್ಕೆ ಫಿಸ್ಟುಲಾ ಅಂತಾರೆ. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲ ಆಗಲಿ ಅಂತ ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ. ಗುರ್ರ್ ಅನ್ನುವುದು ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಅದಕ್ಕೇ ದಿನಾ ಬೆಳಗ್ಗೆ ಎದ್ದ ಕೂಡಲೇ ಅಲ್ಲಿ ಬೆರಳಿಟ್ಟು ನೋಡುತ್ತೇನೆ. ಏಳು ವರ್ಷದಿಂದ ನನ್ನ ದಿನ ಶುರುವಾಗುವುದು ಹೀಗೇ. ಪ್ರಾರ್ಥನೆ ಆಮೇಲೆ.

ನಮ್ಮ ಚರ್ಚಿನ ಸಭೆಯ ಮಹಿಳಾ ಕೂಟದಲ್ಲಿ ಸಾಕ್ಷಿ ಹೇಳಿ ಅಂತ ಎರಡು ಸಲ ಕೇಳಿದರು. ಎರಡು ಸಲವೂ ಬೇಡ ಅಂದೆ. ಸಾಕ್ಷಿಗೆ ನಮ್ಮಲ್ಲಿ ಒಂದು ದಾರಿ ಬಿದ್ದಿದೆ. ಕಷ್ಟ ಬಂತು, ಪ್ರಾರ್ಥಿಸಿದೆವು, ಕರ್ತನು ಬಿಡಿಸಿದನು, ಸ್ತೋತ್ರ. ನಮ್ಮದು ಇನ್ನೂ ಎರಡರಲ್ಲೇ ನಿಂತಿದೆ. ಎಲ್ಲ ಮುಗಿದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಹಾಗಾಗಿ ನಡುವಿನಲ್ಲೇ ಕೂತು ಬರೆಯುತ್ತಿದ್ದೇನೆ.

ನಾವು ಗದಗ-ಬೆಟಗೇರಿಯವರು. ನಮ್ಮ ಹಿರಿಯರು ಬಾಸೆಲ್ ಮಿಶನ್ ಕಾಲದಲ್ಲಿ ಯೇಸು ಸ್ವಾಮಿಯನ್ನು ನಂಬಿದವರು. ಮನೆಯವರು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದರು. ನಾನು ಮನೆಯಲ್ಲಿ ಹೊಲಿಗೆ ಹಾಕುತ್ತೇನೆ. ಒಬ್ಬಳು ಮಗಳು. 2018ರ ಮಳೆಗಾಲದಲ್ಲಿ ಅವರ ಕಾಲು ಬಾತವು. ಬೆಳಗ್ಗೆ ಎದ್ದರೆ ವಾಂತಿ. ಪಿತ್ತ ಅಂದುಕೊಂಡು ಲಿಂಬೆಹಣ್ಣಿನ ಪಾನಕ ಕೊಟ್ಟೆ. ಬಿಪಿ ಇದೆ ಅಂತ ಮೊದಲೇ ಗೊತ್ತಿತ್ತು. ಗುಳಿಗೆ ನುಂಗಿದರೆ ತಲೆ ತಿರುಗುತ್ತದೆ ಅಂತ ಅವರು ಬಿಟ್ಟಿದ್ದರು, ನಾನೂ ಸುಮ್ಮನಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಹನ್ನೊಂದು. ಒಂದರ ಆಸುಪಾಸು ಇರಬೇಕಾದದ್ದು. ಎರಡೂ ಕಿಡ್ನಿ ಹೋಗಿದ್ದವು.

ಆವತ್ತಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ತಾಸು. ಮೊದಲು ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಆಮೇಲೆ ನಮ್ಮೂರಲ್ಲೇ ಜಾಗ ಸಿಕ್ಕಿತು. ದಿನಕ್ಕೆ ಮುಕ್ಕಾಲು ಲೀಟರ್ ನೀರು. ಸಾರು, ಚಹಾ, ಮಜ್ಜಿಗೆ ಎಲ್ಲ ಅದರಲ್ಲೇ ಬರಬೇಕು. ಬಾಳೆಹಣ್ಣು ಇಲ್ಲ, ಎಳನೀರು ಇಲ್ಲ. ತರಕಾರಿ ಹೆಚ್ಚಿ, ಕುದಿಸಿ, ಆ ನೀರು ಚೆಲ್ಲಿ, ಉಳಿದ ಚರಟಕ್ಕೆ ಒಗ್ಗರಣೆ ಕೊಡಬೇಕು. ರುಚಿ ಏನಿರುತ್ತದೆ, ನೀವೇ ಹೇಳಿ.

ನನ್ನ ಕಿಡ್ನಿ ಕೊಡೋಣ ಅಂದರೆ ನನ್ನದು ಬಿ ಗುಂಪು, ಅವರದು ಓ. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ತಗೊಳ್ಳುವುದು ಮಾತ್ರ ಓದವರಿಂದಲೇ. ಅತ್ತೆಗೆ ಸಕ್ಕರೆ ಕಾಯಿಲೆ. ಮೈದುನನ ವಿಷಯ ಬೇಡ ಬಿಡಿ, ಅವನಿಗೂ ಚಿಕ್ಕ ಮಕ್ಕಳಿದ್ದವು. ಹೀಗಾಗಿ 2019ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದೆವು. ಮೆದುಳು ಸತ್ತವರ ಮನೆಯವರು ಒಪ್ಪಿ ಕೊಟ್ಟ ಅಂಗಗಳನ್ನು ಸರದಿ ಪ್ರಕಾರ ಹಂಚುವ ರಾಜ್ಯದ ವ್ಯವಸ್ಥೆ ಅದು. ಹೆಸರು ಬರೆಸಿದಾಗ ಒಂದು ಮಾತು ಹೇಳಿ ಕಳಿಸಿದರು: ಈ ಫೋನ್ ನಂಬರ್ ಯಾವತ್ತೂ ಆಫ್ ಮಾಡಬೇಡಿ.

ಮೊದಲ ವರ್ಷ ನಾನು ದೇವರ ಹತ್ತಿರ ಚೌಕಾಶಿ ಮಾಡಿದೆ. ಶುಕ್ರವಾರ ಉಪವಾಸ ಹಿಡಿದೆ. ಇವರು ಗುಣವಾದರೆ ಸುಗ್ಗಿ ಹಬ್ಬಕ್ಕೆ ಒಂದು ಚೀಲ ಅಕ್ಕಿ ಅಂದೆ. ಆಮೇಲೆ ಎರಡು ಚೀಲ ಅಂದೆ. ನನ್ನ ಬೆಂಡೋಲೆ ಅಂದೆ. ಒಂದು ಶುಕ್ರವಾರ ಹೊಲಿಗೆ ಮಷಿನ್ನಿನ ಮೇಲೇ ತಲೆ ತಿರುಗಿ ಬಿದ್ದೆ. ಮಗಳು ಬಂದು ಬೆಲ್ಲ ನೀರು ಕುಡಿಸಿದಳು. ಆಗ ಅವಳಿಗೆ ಹನ್ನೆರಡು.

ಅದೇ ಹೊತ್ತಿಗೆ ಬೇರೆ ಊರಿನಿಂದ ಬಂದ ಪ್ರಸಂಗಿಯೊಬ್ಬರು ಯಾರದೋ ಮನೆಯ ಪ್ರಾರ್ಥನೆಯಲ್ಲಿ ಇವರ ತಲೆ ಮೇಲೆ ಕೈ ಇಟ್ಟರು. ಮೂರು ತಿಂಗಳಲ್ಲಿ ಡಯಾಲಿಸಿಸ್ ಮಷಿನ್ ಬಿಡುತ್ತೀರಿ, ನಂಬಿಕೆಯ ಮೊದಲ ಹೆಜ್ಜೆ ನೀವೇ ಇಡಬೇಕು ಅಂದರು. ಇವರು ಹೆಜ್ಜೆ ಇಟ್ಟರು. ಗುರುವಾರ ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. ತಡೆಯಬೇಕಿತ್ತು, ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ನಂಬಿದ್ದೆ. ಭಾನುವಾರ ರಾತ್ರಿ ಅವರಿಗೆ ಮಲಗಲು ಆಗಲಿಲ್ಲ. ಕೂತರೆ ಉಸಿರು, ಮಲಗಿದರೆ ಇಲ್ಲ. ಎದೆಯೊಳಗೆ ಹುಕ್ಕಾ ಗುಡುಗುಡು ಅಂದ ಹಾಗೆ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತುಟಿ ನೀಲಿ. ಆ ರಾತ್ರಿ ಡ್ಯೂಟಿಯಲ್ಲಿದ್ದ ಟೆಕ್ನಿಷಿಯನ್ ಹುಡುಗ ನನಗೆ ಬೈದದ್ದು ಇನ್ನೂ ಕಿವಿಯಲ್ಲಿದೆ. ಬೈಯುತ್ತಲೇ ಮಷಿನ್ ಜೋಡಿಸುತ್ತಿದ್ದ. ಅವನ ಕೈ ನಡುಗುತ್ತಿತ್ತು.

ಅವರು ಉಳಿದರು. ವಾರದ ಮೇಲೆ ಆ ಪ್ರಾರ್ಥನೆ ನಡೆಸಿದ ಮನೆಯವರು ಬಂದು, "ನಂಬಿಕಿ ಸಾಲಲಿಲ್ಲ ಅಂತ ಕಾಣಸ್ತದರಿ ಅಕ್ಕಾರ" ಅಂದರು. ನಾನು ಚಹಾ ಮಾಡಿ ಕೊಟ್ಟು ಕಳಿಸಿದೆ. ಆಮೇಲೆ ನಾಲ್ಕು ತಿಂಗಳು ದೇವಾಲಯಕ್ಕೆ ಹೋಗಲಿಲ್ಲ.

ಆ ನಾಲ್ಕು ತಿಂಗಳಲ್ಲಿ ಬಹಳ ಜನ ಬಂದು ಬಹಳ ಹೇಳಿದರು. ದೇವರು ತಾನು ಪ್ರೀತಿಸುವವರನ್ನು ಪರೀಕ್ಷಿಸುತ್ತಾನೆ. ಬಂಗಾರ ಬೆಂಕಿಯಲ್ಲೇ ಶುದ್ಧವಾಗುವುದು. ಎಲ್ಲ ಕರ್ತನ ಚಿತ್ತ. ಒಂದೂ ಸುಳ್ಳಲ್ಲ ಇರಬಹುದು. ಆದರೆ ಹೊಟ್ಟೆ ಹಸಿದವನ ಮುಂದೆ ಅಡುಗೆ ಮಾಡುವ ರೀತಿ ಹೇಳಿದ ಹಾಗೆ ಇತ್ತು.

ನಮ್ಮ ಸಭಾಪಾಲಕರು ಒಂದು ಸಂಜೆ ಬಂದರು. ಯಾಕೆ ಬರುತ್ತಿಲ್ಲ ಅಂತ ಕೇಳಲಿಲ್ಲ. ಸತ್ಯವೇದ, ಅಂದರೆ ಬೈಬಲ್ ತೆಗೆದು 88ನೇ ಕೀರ್ತನೆ ಓದಿದರು. ನಾನು ಕೇಳುತ್ತಾ ಕಾದೆ. ಕೊನೆಗೆ ಎಲ್ಲ ಸರಿಹೋಗುತ್ತದೆ, "ಆದರೂ ನಿನ್ನನ್ನು ಸ್ತುತಿಸುವೆನು" ಅಂತ ಬರುತ್ತದೆ ಅಂತ. ಬರಲಿಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿದ್ದೀ ಅಂತ ಕೇಳುತ್ತಾ ಕೇಳುತ್ತಾ ಆ ಕೀರ್ತನೆ ಕತ್ತಲಲ್ಲೇ ಮುಗಿದುಬಿಟ್ಟಿತು. ಅವರು ಪುಸ್ತಕ ಮುಚ್ಚಿದರು.

"ಇದು ಸತ್ಯವೇದದಾಗ ಐತೇನ್ರೀ?" ಅಂದೆ.

"ಐತ್ರಿ. ಯಾರೂ ಹರದು ಒಗದಿಲ್ಲ ನೋಡ್ರಿ" ಅಂದರು. ಚಹಾ ಕುಡಿದು ಹೋದರು.

ಹುಟ್ಟಿದಾಗಿನಿಂದ ಸಭೆಯಲ್ಲಿ ಬೆಳೆದವಳು ನಾನು. ಭಾನುವಾರ ಶಾಲೆಯಲ್ಲಿ ವಚನ ಬಾಯಿಪಾಠ ಮಾಡಿ ಬಹುಮಾನ ತಗೊಂಡವಳು. ಈ ಕೀರ್ತನೆ ನನಗೆ ಗೊತ್ತಿರಲಿಲ್ಲ. ಆ ರಾತ್ರಿಯಿಂದ ಇಂಥವನ್ನೇ ಹುಡುಕತೊಡಗಿದೆ. 13ನೆಯದರಲ್ಲಿ ಶುರುವಿನ ಎರಡು ವಚನದಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೀರ್ತನೆಗಾರ ಕೇಳುತ್ತಾನೆ. ಒಟ್ಟು 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೀಗೆ ಗೋಳು ತೋಡಿಕೊಂಡವೇ. ನಾವು ಹಾಡುವುದು ಮಾತ್ರ ಉಳಿದವನ್ನು. ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ದಿನಕ್ಕೊಂದರಂತೆ ಓದಿದೆ. ತುಟಿ ಅಲುಗಿಸಿ, ಸಣ್ಣ ದನಿಯಲ್ಲಿ. ನನ್ನ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಆಗ ಬರುತ್ತಿರಲಿಲ್ಲ. ಬಾಯಿ ತೆಗೆದರೆ ಮತ್ತೆ ಅಕ್ಕಿ ಚೀಲದ ಲೆಕ್ಕವೇ ಬರುತ್ತಿತ್ತು. ಎರವಲು ಮಾತಿನಲ್ಲಿ ದೇವರ ಜೊತೆ ಜಗಳ ಆಡಿದೆ. ಜಗಳ ಆಡಬೇಕೆಂದರೂ ಎದುರಿಗೆ ಒಬ್ಬರು ಬೇಕಲ್ಲ, ಅಲ್ವಾ? ಅಷ್ಟು ನಂಬಿಕೆ ನನ್ನಲ್ಲಿ ಇತ್ತು ಅಂತ ಆಮೇಲೆ ತಿಳಿಯಿತು.

ಮತ್ತೆ ದೇವಾಲಯಕ್ಕೆ ಹೋದದ್ದು 2019ರ ಶುಭ ಶುಕ್ರವಾರ. ಅದೂ ಇವರು ಹಠ ಮಾಡಿದರು ಅಂತ. ಏಪ್ರಿಲ್ ಬಿಸಿಲು. ಕಡೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತೆವು. ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಆರಾಧನೆ ಮೂರು ತಾಸು ನಡೆಯುತ್ತದೆ, ಒಂದೊಂದು ಮಾತಿಗೆ ಒಬ್ಬೊಬ್ಬರ ಪ್ರಸಂಗ. ಇವರ ಚೀಲದಲ್ಲಿ ಆ ದಿನದ ನೀರಿನ ಬಾಟಲಿ. ಅದರಲ್ಲಿ ಕಾಲು ಭಾಗ ಉಳಿದಿತ್ತು, ಸಂಜೆಯವರೆಗೆ ಬರಬೇಕು. ಐದನೇ ಮಾತು ಬಂತು. "ನನಗೆ ನೀರಡಿಕೆಯಾಗಿದೆ." ಪ್ರಸಂಗ ಮಾಡಿದವರು ಅದು ಆತ್ಮಗಳ ಬಾಯಾರಿಕೆ, ಲೋಕದ ರಕ್ಷಣೆಯ ಬಾಯಾರಿಕೆ ಅಂತ ವಿವರಿಸಿದರು. ಇವರು ನನ್ನ ಕಿವಿಯ ಹತ್ತಿರ ಬಾಗಿ, "ಅದೆಲ್ಲಾ ಇರಲಿ. ಅವಂಗ ನೀರು ಬೇಕಾಗಿತ್ತು. ಅದು ನನಗ ಗೊತ್ತೈತಿ" ಅಂದರು.

ನಾನು ನಕ್ಕೆ. ನಗುತ್ತಾ ಅಳು ಬಂತು. ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಹಾಡಲು ಮನಸ್ಸಿಲ್ಲದ ದಿನ ಹಾಡಲಿಲ್ಲ, ಸುಮ್ನೆ ಕೂತೆ. ಬೇರೆಯವರು ಹಾಡುತ್ತಿದ್ದರು. ಒಬ್ಬಳು ಹಾಡದಿದ್ದರೆ ಹಾಡು ನಿಲ್ಲುವುದಿಲ್ಲ ಅನ್ನುವುದೇ ದೊಡ್ಡ ಸಮಾಧಾನ ಆಗಿತ್ತು.

ಸಭೆ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. "ಪ್ರಾರ್ಥಿಸುತ್ತೇವೆ" ಅಂದವರು ನೂರಾರು ಮಂದಿ. ಅವರ ಋಣ ಇದೆ. ಆದರೆ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಏನೂ ಹೇಳದೆ ಪ್ರತಿ ಗುರುವಾರ ಬಂದು ಬೆಂಚಿನ ಮೇಲೆ ನನ್ನ ಜಾಗದಲ್ಲಿ ಕೂರತೊಡಗಿದರು. "ನೀ ಮನೀಗಿ ಹೋಗವಾ, ಹೊಲಿಗಿ ಅದಾವಲ್ಲ" ಅನ್ನುತ್ತಿದ್ದರು. ನಾಲ್ಕು ತಾಸು ಪೇಪರ್ ಓದುತ್ತಿದ್ದರು. ಮೂರು ವರ್ಷ ಹೀಗೆ ಬಂದರು. ಹೋದ ವರ್ಷ ತೀರಿಕೊಂಡರು. ಯಾರಾದರೂ ಕಷ್ಟದಲ್ಲಿದ್ದಾರೆ, ಏನು ಮಾಡೋಣ ಅಂತ ನನ್ನನ್ನು ಕೇಳಿದರೆ ನಾನು ಹೇಳುವುದು ಇದೊಂದೇ: ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಆ ದಿನ ಹೋಗಿ.

2020ರ ಲಾಕ್‌ಡೌನಿನಲ್ಲಿ ದೇವಾಲಯ ಮುಚ್ಚಿತು, ಡಯಾಲಿಸಿಸ್ ಮುಚ್ಚುವ ಹಾಗಿರಲಿಲ್ಲ. ಮುಳಗುಂದ ನಾಕಾದಲ್ಲಿ ಪೊಲೀಸರು ತಡೆದರೆ ಇವರು ತೋಳು ಮಡಚಿ ಉಬ್ಬಿದ ನರ ತೋರಿಸುತ್ತಿದ್ದರು, ಬಿಡುತ್ತಿದ್ದರು. ಅಂಗ ಕಸಿ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ಏಪ್ರಿಲ್ 12ಕ್ಕೆ ಪುನರುತ್ಥಾನದ ಹಬ್ಬ ಮನೆಯಲ್ಲೇ ಆಯಿತು. ಮೂರು ಜನ, ಒಂದು ಮೇಣದಬತ್ತಿ, ಫೋನಿನಲ್ಲಿ ಸಭಾಪಾಲಕರ ದನಿ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇಲ್ಲ. ಇವರಿಗೆ ಅದೇ ಜಾಸ್ತಿ ಬೇಸರ. ದಿನದ ಮುಕ್ಕಾಲು ಲೀಟರಿನಲ್ಲಿ ಆ ಒಂದು ಗುಟುಕು ದ್ರಾಕ್ಷಾರಸವನ್ನು ಮಾತ್ರ ಅವರು ಯಾವತ್ತೂ ಲೆಕ್ಕಕ್ಕೆ ಹಿಡಿದವರಲ್ಲ.

ವಾರ್ಡಿನಲ್ಲಿ ಆರು ಹಾಸಿಗೆ. ಪಕ್ಕದ ಹಾಸಿಗೆಯಲ್ಲಿ ನರಗುಂದದ ಕಡೆಯ ಒಬ್ಬ ಅಜ್ಜ ಇದ್ದರು, ಸೂಜಿ ಚುಚ್ಚುವಾಗ ಶಿವ ಶಿವ ಅನ್ನುತ್ತಿದ್ದರು. ಅದರಾಚೆ ಒಬ್ಬ ಮುಸ್ಲಿಂ ಹುಡುಗ, ಅವನ ಅಮ್ಮಿ ಬೆಂಚಿನ ಮೇಲೆ ನನ್ನ ಜೊತೆ ತಸ್ಬಿ, ಅಂದರೆ ಜಪಮಣಿ ಹಿಡಿದು ಕೂರುತ್ತಿದ್ದರು. ನಾನು ಕೀರ್ತನೆ, ಅವರು ತಸ್ಬಿ. ಮಧ್ಯೆ ಮಧ್ಯೆ ಹುಣಸೆಹಣ್ಣಿನ ರೇಟಿನ ಮಾತು. ಒಂದು ದಿನ ಅಜ್ಜನ ಹಾಸಿಗೆ ಖಾಲಿ ಇತ್ತು. ಅಲ್ಲಿ ಖಾಲಿ ಹಾಸಿಗೆ ಕಂಡರೆ ಯಾರೂ ಏನೂ ಕೇಳುವುದಿಲ್ಲ. ಮುಂದಿನ ವಾರ ಹೊಸಬರು ಬಂದಿರುತ್ತಾರೆ. ನಾವು ಪ್ರಾರ್ಥಿಸಿದ್ದಕ್ಕೆ ಇವರು ಉಳಿದರು ಅಂತ ಹೇಳಲು ನನಗೆ ಅಲ್ಲಿಂದ ಮುಂದೆ ಬಾಯಿ ಬರಲಿಲ್ಲ. ಅಜ್ಜನಿಗೂ ಪ್ರಾರ್ಥಿಸುವವರು ಇದ್ದರು. ನಾನೂ ಪ್ರಾರ್ಥಿಸಿದ್ದೆ.

ಇನ್ನು ಕ್ಯಾಲೆಂಡರಿನ ಕಥೆ. ನಮ್ಮ ಅಡುಗೆಮನೆ ಗೋಡೆಗೆ ಯಾರೋ ಕೊಟ್ಟ ವಚನದ ಕ್ಯಾಲೆಂಡರ್ ಇತ್ತು. ಯೆರೆಮೀಯ 29:11. ನಿಮಗೋಸ್ಕರ ನಾನು ಮಾಡಿಕೊಳ್ಳುತ್ತಿರುವ ಆಲೋಚನೆಗಳು ಹಿತದ್ದೇ ಹೊರತು ಅಹಿತದ್ದಲ್ಲ ಅನ್ನುವ ವಚನ. ಕ್ರೈಸ್ತರ ಮನೆಗಳಲ್ಲಿ ಇದು ಇಲ್ಲದ ಗೋಡೆ ಕಡಿಮೆ. 2021ರ ಮಳೆಗಾಲದಲ್ಲಿ ಅದರ ಮೇಲೇ ನೀರು ಇಳಿದು ಅಕ್ಷರ ಕದಡಿತು. ಮೇಲ್ಛಾವಣಿ ಎರಡು ವರ್ಷದಿಂದ ಸೋರುತ್ತಿತ್ತು. ತಾಡಪತ್ರಿ ಹೊದಿಸಿ ಮೇಲೆ ಕಲ್ಲಿಟ್ಟಿದ್ದೆವು. ಯಾಕೆ ರಿಪೇರಿ ಮಾಡಿಸಲಿಲ್ಲ? ಕಿಡ್ನಿ ಬಂದ ಮೇಲೆ ನೋಡೋಣ ಅಂತ. ಸಭೆಯಲ್ಲಿ ಮಗಳ ನಂಬಿಕೆಯ ದೃಢೀಕರಣ? ಅಪ್ಪ ಗಟ್ಟಿಮುಟ್ಟಾಗಿ ಪಕ್ಕದಲ್ಲಿ ನಿಲ್ಲಲಿ, ಆಮೇಲೆ. ಊರಿನ ಮದುವೆ ಮುಂಜಿ, ತವರಿಗೆ ಹೋಗುವುದು, ಎಲ್ಲ ಆಮೇಲೆ.

ಒದ್ದೆ ಕ್ಯಾಲೆಂಡರ್ ತೆಗೆದು ಒಗೆಯುವಾಗ ಆ ಅಧ್ಯಾಯ ಪೂರ್ತಿ ಓದೋಣ ಅನಿಸಿತು. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಕಾಗದ ಅದು. 11ನೇ ವಚನದ ಹಿಂದೆಯೇ 10ನೆಯದು ಇದೆ. 70 ವರ್ಷ ಆದ ಮೇಲೆ ಬಿಡಿಸುತ್ತೇನೆ ಅನ್ನುತ್ತದೆ. ಎಪ್ಪತ್ತು! ಕಾಗದ ಓದಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ವಾಪಸ್ ಬರುವುದಿಲ್ಲ ಅಂತಲೇ ಅರ್ಥ. ಕ್ಯಾಲೆಂಡರ್ ಮಾಡುವವರು ಅದನ್ನು ಯಾಕೆ ಹಾಕುವುದಿಲ್ಲ ಅಂತ ಗೊತ್ತಾಯಿತು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಜನರ ಮುಂದೆ ಸಾರುತ್ತಾನೆ. ಅವನ ಮಾತು ಓದುವಾಗ ಮೂರು ತಿಂಗಳ ಪ್ರಸಂಗಿ ನೆನಪಾದರು. ಇನ್ನು 5ನೇ ವಚನ: ಮನೆ ಕಟ್ಟಿಕೊಳ್ಳಿ, ಅದರಲ್ಲಿ ವಾಸಮಾಡಿ, ತೋಟ ಮಾಡಿಕೊಳ್ಳಿ, ಅದರ ಫಲ ತಿನ್ನಿ. ಸೆರೆಯಲ್ಲಿ ಇರುವಾಗಲೇ.

ಇವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಗೌಂಡಿನ ಕರಸು" ಅಂದರು.

ಬೆಂಡೋಲೆ ಅಡ ಇಟ್ಟು ಛಾವಣಿ ರಿಪೇರಿ ಮಾಡಿಸಿದೆ. ದೇವರಿಗೆ ಹರಕೆ ಹೊತ್ತ ಅದೇ ಬೆಂಡೋಲೆ. ಮಗಳ ದೃಢೀಕರಣ ಆಯಿತು. ಹಿಂದಿನ ದಿನ ಡಯಾಲಿಸಿಸ್ ಆಗಿ ಸುಸ್ತಾಗಿದ್ದ ಅಪ್ಪ ಕುರ್ಚಿ ಹಾಕಿಸಿಕೊಂಡು ಮುಂದೆ ಕೂತರು. ಅಂಗಳದಲ್ಲಿ ನುಗ್ಗೆ ಹಚ್ಚಿದೆವು. ನುಗ್ಗೆಸೊಪ್ಪು ಅವರಿಗೆ ಆಗುವುದಿಲ್ಲ, ಪೊಟ್ಯಾಸಿಯಂ ಜಾಸ್ತಿ. ಓಣಿಯವರು ಒಯ್ಯುತ್ತಾರೆ. ಅಬ್ರಹಾಮನ ಕಥೆಯನ್ನು ಪ್ರಸಂಗದಲ್ಲಿ ಐದು ನಿಮಿಷದಲ್ಲಿ ಮುಗಿಸುತ್ತಾರೆ. ದೇವರ ಕರೆ ಬಂದಾಗ 75, ಮಗ ಇಸಾಕ ಹುಟ್ಟಿದಾಗ 100. ನಡುವಿನ 25 ವರ್ಷ ಅವನ ಹೆಂಡತಿ ಸಾರಳು ಒಲೆ ಹಚ್ಚಿ ರೊಟ್ಟಿ ಬಡಿದಿರಬೇಕಲ್ಲ. ನನಗೀಗ ಆ 25 ವರ್ಷದ ಮೇಲೇ ಆಸೆ, ಅದರ ಬಗ್ಗೆ ಯಾರಾದರೂ ಹೇಳಿದರೆ ಕೇಳಬೇಕು ಅನಿಸುತ್ತದೆ.

ಫೋನ್ ಬಂದದ್ದು 2022ರಲ್ಲಿ. ರಾತ್ರಿ ಒಂಬತ್ತೂವರೆ. ಓ ಗುಂಪಿನ ಕಿಡ್ನಿ ಇದೆ, ಕೂಡಲೇ ಹೊರಡಿ, ಇನ್ನೊಬ್ಬರನ್ನೂ ಕರೆದಿದ್ದೇವೆ, ಪರೀಕ್ಷೆ ಆದ ಮೇಲೆ ಯಾರಿಗೆ ಅಂತ ತಿಳಿಯುತ್ತದೆ ಅಂದರು. ಓಣಿಯ ಹುಡುಗನ ಕಾರಿನಲ್ಲಿ ಹೊರಟೆವು. ಹುಬ್ಬಳ್ಳಿ ದಾಟಿ, ಹಾವೇರಿ ದಾಟಿ, ಕತ್ತಲಲ್ಲಿ ಲಾರಿಗಳ ಮಧ್ಯೆ. ನಾನು ಒಂದೇ ಸಮ ಪ್ರಾರ್ಥಿಸುತ್ತಿದ್ದೆ. ಸಿಗಲಿ, ಸಿಗಲಿ, ಸಿಗಲಿ. ರಾಣೆಬೆನ್ನೂರಿನ ಹತ್ತಿರ ಇವರು ಕಿಟಕಿ ಕಡೆ ನೋಡುತ್ತಾ, "ಯಾರೋ ಸತ್ತಾರಲ್ಲ. ಅವರ ಮನ್ಯಾಗ ಈಗ ಏನ್ ನಡದಿರಬೇಕು" ಅಂದರು.

ನನ್ನ ಬಾಯಿ ಕಟ್ಟಿತು. ಮೂರು ವರ್ಷ ನಾನು ಕಿಡ್ನಿ ಕೊಡು ಅಂತ ಕೇಳಿದ್ದು ಏನನ್ನು? ಎಲ್ಲೋ ಒಬ್ಬ ತಾಯಿಯ ಮನೆಯಲ್ಲಿ ಆಗಬಾರದ್ದು ಆದರೆ ಮಾತ್ರ ನನ್ನ ಪ್ರಾರ್ಥನೆ ನಡೆಯುವುದು. ಇದು ಮೊದಲೇ ಗೊತ್ತಿರಲಿಲ್ಲ ಅಂತಲ್ಲ. ಅದರ ಕಡೆ ಮುಖ ಹಾಕಿರಲಿಲ್ಲ ಅಷ್ಟೇ. ದಾವಣಗೆರೆಯಿಂದ ತುಮಕೂರಿನವರೆಗೆ ಮಾತಿಲ್ಲದೆ ಕೂತೆ.

ನಮಗೆ ಸಿಗಲಿಲ್ಲ. ಕ್ರಾಸ್ ಮ್ಯಾಚ್ ಅಂತ ಮಾಡುತ್ತಾರೆ. ಕೊಟ್ಟವರ ಜೀವಕಣಕ್ಕೆ ಇವರ ರಕ್ತ ತಿರುಗಿಬಿತ್ತು. ಮೊದಲ ವರ್ಷ ರಕ್ತ ಕಡಿಮೆಯಾಗಿ ನಾಲ್ಕೈದು ಬಾಟಲಿ ಬೇರೆಯವರ ರಕ್ತ ಏರಿಸಿದ್ದರು. ಅದರಿಂದಲೂ ಹೀಗಾಗುತ್ತದಂತೆ. ಇನ್ನೊಬ್ಬ, ಇಪ್ಪತ್ತೈದರ ಒಳಗಿನ ಹುಡುಗ, ಅವನಿಗೆ ಹೊಂದಿತು. ಅವನ ತಾಯಿ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡರು. ಏನು ಹೇಳಬೇಕು ಅಂತ ಅವರಿಗೂ ತಿಳಿಯಲಿಲ್ಲ, ನನಗೂ. ವಾಪಸ್ ಬರುವಾಗ ಹಿರಿಯೂರಿನಲ್ಲಿ ಇಡ್ಲಿ ತಿಂದೆವು. ಇವರು ಸಾಂಬಾರ್ ಮುಟ್ಟಲಿಲ್ಲ, ಲೆಕ್ಕ ತಪ್ಪುತ್ತದೆ ಅಂತ.

ಆ ವಾರವೇ ಅಂಗದಾನಿಗಳ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿದೆ. ಪ್ರಾರ್ಥನೆಯ ಮಾತೂ ಬದಲಾಯಿತು. ಈಗ ಹೀಗೆ ಕೇಳುತ್ತೇನೆ: ಕರ್ತನೇ, ಇವತ್ತು ಯಾವ ಮನೆಯಲ್ಲಿ ಅಂಥ ಗಳಿಗೆ ಬಂದಿದೆಯೋ ಆ ಮನೆಯವರ ಪಕ್ಕದಲ್ಲಿ ಇರು. ಅವರು ಹೂಂ ಅಂದರೆ ನಮ್ಮನ್ನು ನೆನಸಿಕೋ. ಅನ್ನದಿದ್ದರೂ ಅವರ ಪಕ್ಕದಲ್ಲೇ ಇರು. ಈ ಪ್ರಾರ್ಥನೆ ಹೇಳಲು ನನಗೆ ಒಂದು ನಿಮಿಷವೂ ಬೇಡ. ಕಲಿಯಲು ನಾಲ್ಕು ವರ್ಷ ಹಿಡಿಯಿತು.

ನಂಬಿಕೆ ಈಗ ಗಟ್ಟಿಯಾಗಿದೆಯಾ ಅಂದರೆ, ಗೊತ್ತಿಲ್ಲ. ಕೆಲವು ಬೆಳಗ್ಗೆ ಇರುತ್ತದೆ, ಕೆಲವು ಬೆಳಗ್ಗೆ ಬರೀ ಬೆರಳಿನ ಕೆಳಗಿನ ಗುರ್ರ್ ಅಷ್ಟೇ ಇರುತ್ತದೆ. ಎರಡೂ ದಿನ ಕೀರ್ತನೆ ಓದುತ್ತೇನೆ. ಎಲ್ಲ 150 ಮುಗಿದರೆ ಮತ್ತೆ ಒಂದರಿಂದ. 88 ಬಂದ ದಿನ ಅದನ್ನೂ ಓದುತ್ತೇನೆ, ಹಾರಿಸುವುದಿಲ್ಲ.

ಹೋದ ತಿಂಗಳು ಒಂದು ಭಾನುವಾರ ಪ್ರಸಂಗದ ನಡುವೆ ನನ್ನ ಫೋನು ಹೊಡೆದುಕೊಂಡಿತು. ದೇವಾಲಯದಲ್ಲಿ ಎಲ್ಲರೂ ಸೈಲೆಂಟ್ ಮಾಡುತ್ತಾರೆ, ನನ್ನದಕ್ಕೆ ಮಾತ್ರ ವಿನಾಯಿತಿ. ಸಭೆಗೆಲ್ಲ ಗೊತ್ತು. ಸಭಾಪಾಲಕರು ಮಾತು ನಿಲ್ಲಿಸಿದರು. ಎಲ್ಲ ತಲೆಗಳೂ ಹಿಂದೆ ತಿರುಗಿದವು. ಗಾಯನ ತಂಡದ ಹುಡುಗಿಯೊಬ್ಬಳು ಎದ್ದೇ ನಿಂತಳು. ನಡುಗುವ ಕೈಯಲ್ಲಿ ಹಲೋ ಅಂದೆ.

"ಏನಂತರಿ ಅಕ್ಕಾರ?" ವೇದಿಕೆಯಿಂದಲೇ ಕೇಳಿದರು.

"ಸಾಲ ಬೇಕೇನು ಅಂತ ಕೇಳಾಕತ್ತಾರ್ರಿ" ಅಂದೆ.

ಒಂದು ಗಳಿಗೆ ಎಲ್ಲ ಸುಮ್ಮನಿತ್ತು. ಆಮೇಲೆ ಮೊದಲು ನಕ್ಕದ್ದು ನಮ್ಮ ಮನೆಯವರು. ಎಲ್ಲರೂ ಸೇರಿ ನಕ್ಕರು, ಸಭಾಪಾಲಕರಿಗೆ ಪ್ರಸಂಗ ಎಲ್ಲಿಗೆ ನಿಂತಿತ್ತು ಅನ್ನುವುದೇ ಮರೆಯಿತು. ನಾನು ಫೋನ್ ಕಟ್ ಮಾಡಿ, ಚಾರ್ಜ್ ಎಷ್ಟಿದೆ ನೋಡಿ, ಮತ್ತೆ ಮಡಿಲಲ್ಲಿ ಇಟ್ಟುಕೊಂಡೆ.